ಮುಟ್ಟಿದವರು ಒಳಗೆ

“ಏಯ್, ಕೈ ಹಿಂದಕ್ಕೆ ತಗೋ!” ಎಂದು ಗಾವ್ರಿಲೋ ಕೂಗಿದ.

ಬೇಲಿಯಾಚೆಯ ತನಾಸಿಯೆ ಕೈ ಹಿಂದಕ್ಕೆಳೆದುಕೊಂಡ, ಆದರೆ ಬಲು ನಿಧಾನವಾಗಿ. ಬೇಲಿಯೀಚೆ ನಿಂತಿದ್ದ ಪರ್ಸೀದಾ ಕಿಸಕ್ಕನೆ ನಕ್ಕಳು. ಆ ನಗು ಗಾವ್ರಿಲೋಗೆ ಸುತರಾಂ ಹಿಡಿಸಲಿಲ್ಲ. ಹೆಂಡತಿ ಸತ್ತ ಮೇಲೆ ಅವನಿಗಿದ್ದವರು ಇಬ್ಬರೇ, ಈ ಮಗಳು ಮತ್ತು ಮುದಿ ತಾಯಿ.

ಸಾವಾ ನದಿ ಡಾನ್ಯೂಬನ್ನು ಕೂಡುವ ಮೂಲೆ ಅದು. ಆಚೆ ದಡದ ಬೆಲ್‌ಗ್ರೇಡ್ ಕೋಟೆ ಸುಲ್ತಾನನದು, ಈಚೆ ದಡದ ಝೆಮುನ್ ಪಟ್ಟಣ ವಿಯೆನ್ನಾದ ಚಕ್ರವರ್ತಿಯದು. ಎರಡು ಸಾಮ್ರಾಜ್ಯಗಳ ಹತ್ತಿ, ಮೇಣ, ಚರ್ಮವೆಲ್ಲ ಇಲ್ಲೇ ನದಿ ದಾಟಬೇಕು. ಜೊತೆಗೆ ಪ್ಲೇಗೂ ದಾಟಿಬಿಟ್ಟೀತೆಂದು ಆಚೆಯಿಂದ ಬಂದವರನ್ನು ಕೆಲವು ವಾರ ಕ್ವಾರಂಟೈನ್ ಅಂಗಳದಲ್ಲಿ ಕೂಡಿಹಾಕುತ್ತಿದ್ದರು. ಅಂಗಳದ ಸುತ್ತ ಎರಡು ಬೇಲಿ, ನಡುವೆ ಒಂದು ಹೆಜ್ಜೆಯಷ್ಟು ಜಾಗ. ಮಾತು ದಾಟಬಹುದು, ಕೈ ದಾಟುವಂತಿಲ್ಲ. ಹೊರಗಿನವರು ಒಳಗಿನವರನ್ನು ಬೆರಳ ತುದಿಯಲ್ಲಿ ಮುಟ್ಟಿದರೂ ಸಾಕು, ಅವರೂ ಒಳಗೆ. ಪಾದ್ರಿಯಾದರೂ ಅಷ್ಟೆ, ದಂಡನಾಯಕನಾದರೂ ಅಷ್ಟೆ.

ಈ ಬೇಲಿಗೆ ಮೇಲ್ವಿಚಾರಕ ಗಾವ್ರಿಲೋ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ.

ತನಾಸಿಯೆ ತನ್ನ ಅಪ್ಪ ಪಂತೆಲಿಯಾನ ಜೊತೆ ಮೇಣದ ವ್ಯಾಪಾರಕ್ಕೆ ಬಂದವನು. ಅವಧಿ ಮುಗಿದ ದಿನ ಅಪ್ಪ ಪಟ್ಟಣಕ್ಕೆ ಹೊರಟರೂ ಮಗ ಹೊರಡಲಿಲ್ಲ. ಬಾಗಿಲಲ್ಲಿ, ಆಚೆ ದಡದಿಂದ ಹೊಸದಾಗಿ ಬಂದ ಹತ್ತಿ ಮೂಟೆಯ ಮೇಲೆ ಬೇಕೆಂದೇ ಕುಳಿತ. ಆಚೆಯ ಸರಕು ಮುಟ್ಟಿದವರಿಗೂ ಅದೇ ನಿಯಮ, ಮತ್ತೆ ಮೊದಲಿನಿಂದ ಶುರು. ಜೈಲಿನಂಥ ಜಾಗದಲ್ಲಿ ಯಾವನಾದರೂ ಇಷ್ಟಪಟ್ಟು ಉಳಿಯುತ್ತಾನೆಯೇ? ಅದೂ ಸಾಲದೆಂಬಂತೆ, ಚರ್ಚಿನ ಹಿಂದಿನ ಬೀದಿಯಲ್ಲಿ ತಾವೊಂದು ಮನೆ ಕೊಂಡಿದ್ದೇವೆಂದು ಕಾವಲುಗಾರರ ಮುಂದೆ ಕೊಚ್ಚಿಕೊಂಡಿದ್ದ.

“ಈ ವ್ಯಾಪಾರಿಗಳ್ನ ನಂಬೋದುಂಟಾ?” ಎಂದು ಗಾವ್ರಿಲೋ ಮನೆಯಲ್ಲಿ ಗೊಣಗಿದ. “ಇಲ್ಲಿ ಮದುವೆ ಆಗ್ತಾರೆ, ಚಳಿಗಾಲ ಬಂತು ಅಂದ್ರೆ ಹೆಂಡ್ತೀನ ಕಟ್ಕೊಂಡು ಆಚೆ ದಡಕ್ಕೆ ಹೋಗ್ತಾರೆ. ಆಮೇಲೆ ನನ್ನೋರ ಮುಖ ನಾನು ಬೇಲಿ ಸಂದೀಲಿ ನೋಡ್ಬೇಕು.”

ಅವನ ತಾಯಿ ಸ್ತಾಮೆನಾ ಗಿಣ್ಣಿನ ಕಡುಬನ್ನು ಅವನ ತಟ್ಟೆಗೆ ಹಾಕುತ್ತ, “ನೀನು ಮನೇಲಿರೋವರೆಗೆ ಯಾರು ಎಲ್ಲಿಗೆ ಹೋಗ್ತಾರೆ ಮಗಾ, ತಿನ್ನು” ಎಂದಳು.

ತಾಯಿಯ ಮೇಲೆ ಅವನಿಗೆ ಪೂರ್ತಿ ಭರವಸೆ. ಅಂಗಳದವರಿಗೆ ರೊಟ್ಟಿ ಒದಗಿಸುವುದು ಅವರ ಮನೆಯವರ ಕೆಲಸ. ಪರ್ಸೀದಾ ಬುಟ್ಟಿ ಹೊತ್ತು ಹೊರಟಾಗಲೆಲ್ಲ ಕಾವಲಿಗೆ ಅಜ್ಜಿಯನ್ನೂ ಅಟ್ಟುತ್ತಿದ್ದ. ಪಂತೆಲಿಯಾ ಒಳಗಿದ್ದಾಗ ಅಜ್ಜಿ ಬೇಲಿಯ ಇನ್ನೊಂದು ತುದಿಯಲ್ಲಿ ದಿಮ್ಮಿಯ ಮೇಲೆ ಕುಳಿತು ಅವನೊಂದಿಗೆ ಮಂಡಿನೋವಿನ ಕಥೆ ಹೇಳಿಕೊಳ್ಳುತ್ತಿದ್ದಳು. ಗಾವ್ರಿಲೋನ ಕಣ್ಣು ಮಾತ್ರ ಹುಡುಗ ಹುಡುಗಿಯಿಂದ ಕದಲುತ್ತಿರಲಿಲ್ಲ. ಮಂಡಿನೋವಿದ್ದರೂ ಮೊಮ್ಮಗಳಿಗಾಗಿ ಅಮ್ಮ ಒಂದು ದಿನವೂ ತಪ್ಪಿಸುತ್ತಿಲ್ಲವಲ್ಲ ಎಂದು ಅವನಿಗೆ ಹೆಮ್ಮೆ.

ಒಂದು ಮಧ್ಯಾಹ್ನ ಎಲ್ಲ ಕೈಮೀರಿತು. ತನಾಸಿಯೆ ಏನನ್ನೋ ಮುಷ್ಟಿಯಲ್ಲಿಟ್ಟುಕೊಂಡು ಬೇಲಿಯ ಸಂದಿಯಲ್ಲಿ ಕೈ ಚಾಚಿದ. ಪರ್ಸೀದಾಳೂ ಚಾಚಿದಳು. ಉಂಗುರ! ಗಾವ್ರಿಲೋಗೆ ರಕ್ತ ನೆತ್ತಿಗೇರಿತು. ಹಾರಿಬಂದು ಮಗಳನ್ನು ಪಕ್ಕಕ್ಕೆ ನೂಕಿ, ಹುಡುಗನ ಮಣಿಕಟ್ಟನ್ನು ಗಪ್ಪನೆ ಹಿಡಿದ.

ಮುಷ್ಟಿ ಬಿಚ್ಚಿದರೆ ಬರೀ ಕುಂಬಳಬೀಜ.

“ಸಾಹೇಬ್ರೇ,” ಎಂದ ಕಾವಲುಗಾರ ಮಿತಾರ್, ನಗು ತಡೆಯಲಾರದೆ. “ಮುಟ್ಬಿಟ್ರಲ್ಲ.”

ತನ್ನದೇ ನಿಯಮ, ತನ್ನದೇ ಬಾಗಿಲು, ತನ್ನದೇ ಬೀಗ. ಗಾವ್ರಿಲೋ ಒಳಗೆ ನಡೆದ. ಅವನ ಕೋಟನ್ನು ಹೊಗೆಗೆ ಹಿಡಿದರು, ಬೂಟುಗಳಿಗೆ ವಿನಿಗರ್ ಚಿಮುಕಿಸಿದರು. ಸುದ್ದಿ ಕೇಳಿ ಬಂದ ತಾಯಿಗೆ ಬೇಲಿಯ ಬಳಿಯಿಂದಲೇ ಕೂಗಿ ಹೇಳಿದ:

“ಅಮ್ಮಾ, ಹುಡುಗಿ ನಿನ್ನ ಜವಾಬ್ದಾರಿ. ಕಣ್ಣು ತಪ್ಪಿಸ್ಬೇಡ.”

“ಒಂದು ಗಳಿಗೆ ಕೂಡ ಪಕ್ಕದಿಂದ ಬಿಡಲ್ಲ ಕಣಪ್ಪಾ,” ಎಂದು ತಾಯಿ ಕಣ್ಣೊರೆಸಿಕೊಂಡಳು.

ಆ ರಾತ್ರಿ ಅವನಿಗೆ ಹಾಯಾಗಿ ನಿದ್ದೆ ಬಂತು. ಕಳ್ಳ ಪಕ್ಕದ ಚಾಪೆಯಲ್ಲೇ ಗೊರಕೆ ಹೊಡೆಯುತ್ತಿದ್ದಾನೆ, ಮಗಳು ಬೇಲಿಯಾಚೆ ಇದ್ದಾಳೆ. ಇನ್ನೆಲ್ಲಿಯ ಮದುವೆ? ದಿನ ಕಳೆದಂತೆ ಹುಡುಗ ಅಷ್ಟೇನೂ ಕೆಟ್ಟವನಲ್ಲ ಅನ್ನಿಸತೊಡಗಿತು. ಬೂಟು ಒರೆಸಿಕೊಡುತ್ತಿದ್ದ, ಇಸ್ಪೀಟಿನಲ್ಲಿ ಬೇಕೆಂದೇ ಸೋಲುತ್ತಿದ್ದ, ಯಾವುದಕ್ಕೂ ಅವಸರ ಮಾಡುತ್ತಿರಲಿಲ್ಲ.

ಭಾನುವಾರ ಚರ್ಚಿನ ಗಂಟೆ ಮೊಳಗಿತು. ನಿಲ್ಲಲೇ ಇಲ್ಲ. ಹಿಂದೆಯೇ ವಾದ್ಯ, ಕೇಕೆ, ಗಾಳಿಯಲ್ಲಿ ಹಾರಿಸಿದ ಪಿಸ್ತೂಲಿನ ಸದ್ದು. ಗಾವ್ರಿಲೋ ಬೇಲಿಗೆ ಓಡಿದ. ರಸ್ತೆಯಲ್ಲಿ ದಿಬ್ಬಣ ಬರುತ್ತಿತ್ತು, ಮುಂದೆ ಬಾವುಟ, ಹಿಂದೆ ಹೂವು ಸುತ್ತಿದ ಗಾಡಿ. ಬಾವುಟದ ಪಕ್ಕದಲ್ಲೇ ತಲೆತುಂಬ ಹೂವು ಮುಡಿದು ಪರ್ಸೀದಾ ಕುಣಿಯುತ್ತಿದ್ದಳು.

ತನಾಸಿಯೆ ಇಲ್ಲೇ ಒಳಗಿದ್ದಾನೆ. ಹಾಗಾದರೆ ಬೇರೆ ಯಾವನೋ!

“ಅಮ್ಮಾ! ಎಲ್ಲಿದ್ದೀಯಮ್ಮಾ? ಹುಡುಗೀನ ಹಿಡ್ಕೋ!”

ಪರ್ಸೀದಾ ಏದುಸಿರು ಬಿಡುತ್ತ ಹೊರಬೇಲಿಯ ಬಳಿಗೆ ಬಂದಳು. “ಅಪ್ಪಾ, ಕೂಗಾಡಬೇಡಿ. ಮದುವೆ ನಂದಲ್ಲ.”

“ಮತ್ಯಾರದ್ದೇ? ಅಜ್ಜಿ ಎಲ್ಲಿ?”

“ಮೊದಲೇ ಹೇಳಿದ್ರೆ ನೀವು ಬಿಡ್ತಿದ್ರಾ?” ಎಂದು ಅವಳು ಗಾಡಿಯತ್ತ ಬೆರಳು ತೋರಿಸಿದಳು.

ಗಾವ್ರಿಲೋ ಬೇಲಿಯ ಕಂಬಕ್ಕೆ ಒರಗಿ ಕೂತು ಅಳತೊಡಗಿದ. ತನಾಸಿಯೆ ಪಕ್ಕದಲ್ಲಿ ಕುಳಿತು, ಅವನ ಹೆಗಲ ಮೇಲೆ ಕೈ ಹಾಕಿ ಹೇಳಿದ: “ಅಳಬೇಡಿ ಅಣ್ಣಾ, ನಮ್ಮಪ್ಪ ನಿಮ್ಮಮ್ಮನ್ನ ಚೆನ್ನಾಗಿ ನೋಡ್ಕೋತಾರೆ.”