ತುಂಬಿದ ಬಟ್ಟಲು

ಮದುವೆಯಾದ ತಿಂಗಳಲ್ಲೇ, ಎಲ್ಲರ ಮನೆಗೆ ಬರುವಂತೆ ಈ ಮನೆಗೂ, ಹೊಸ ಸೊಸೆಯ ಮನಸ್ಸು ಅರಿಯಲು, ಕಾಡಿನಿಂದ ಹಿಡಿದ ಊಸರವಳ್ಳಿ ಬಂತು. ಎದುರು ನಿಂತವರ ಮನಸ್ಸಿನಲ್ಲಿ ಹಗೆಯಿದ್ದರೆ ಅದು ಕಪ್ಪಾಗುತ್ತದೆ. ಸೊಸೆ ದಾಕ್ಷಾಯಿಣಿ ಪಂಜರದ ಹತ್ತಿರ ಬಂದಾಗಲೆಲ್ಲ ಅದು ಇದ್ದಿಲಿನಂತೆ ಕಪ್ಪಾಗುತ್ತಿತ್ತು.

“ಹೀಗೇ ಆದ್ರೆ ತವರಿಗೆ ಅಟ್ತೀನಿ,” ಎಂದರು ಅತ್ತೆ ಸರ್ವಮಂಗಳಮ್ಮ. ತವರಿನಲ್ಲಿ ಬಾಗಿಲು ತೆರೆಯುವವರಿಲ್ಲವೆಂದು ಅವರಿಗೂ ಗೊತ್ತಿತ್ತು.

ಪಂಜರದಲ್ಲಿ ನೀರಿಡುವ ಕೆಲಸ ಸೊಸೆಯದು. ಊಸರವಳ್ಳಿ ಎಲೆಯ ಮೇಲಿನ ಹನಿಯನ್ನಷ್ಟೇ ನೆಕ್ಕುತ್ತದೆ, ಬಟ್ಟಲಿನ ನೀರು ಮುಟ್ಟುವುದಿಲ್ಲ ಎಂಬುದು ಕಾಡಂಚಿನಲ್ಲಿ ಬೆಳೆದ ದಾಕ್ಷಾಯಿಣಿಗೆ ಗೊತ್ತಿತ್ತು. ಪೇಟೆಯ ಅತ್ತೆಗೆ ಗೊತ್ತಿರಲಿಲ್ಲ.

ದಿನ ಕಳೆದಂತೆ ಅದರ ಕಣ್ಣು ಗುಳಿಬಿದ್ದು, ಮೈ ಬಿಳಿಚಿಕೊಂಡಿತು. ದಾಕ್ಷಾಯಿಣಿ ಬಂದರೂ ಕಪ್ಪಾಗಲಿಲ್ಲ.

“ಅಂತೂ ನಿನ್ನ ಮನಸ್ಸು ತಿಳಿಯಾಯ್ತು ನೋಡೆ,” ಎಂದು ಅತ್ತೆ ಮೊದಲ ಸಲ ನಕ್ಕರು. “ನೀರಿಟ್ಟೆಯಾ ಅದಕ್ಕೆ?”

“ಇಡ್ತಿದ್ದೀನಿ ಅತ್ತೆ,” ಎಂದು ದಾಕ್ಷಾಯಿಣಿ ಬಟ್ಟಲನ್ನು ಅಂಚಿನವರೆಗೂ ತುಂಬಿಸಿದಳು.