ಖಾಲಿ ಲೋಟದ ಕಾಫಿ

ದಿನಾ ಮೂರು ಗಂಟೆಗೆ ತಪಾಸಣೆಯ ನೆಂಟರು ಬರುವುದು ಆ ಊರಿನಲ್ಲಿ ಹಾಲಿನವನು ಬಂದಷ್ಟೇ ಸಹಜ. ನಿಜವಾದ ನೆಂಟರು ಬಂದರೆ ಮನೆ ಸರಿಯಾಗಿ ನಡೆದುಕೊಳ್ಳುತ್ತದೆಯೇ ಎಂದು ನೋಡಲು ಬರುವ ಯಂತ್ರದ ನೆಂಟರು ಅವರು. ದಿನಕ್ಕೊಬ್ಬ ಬಂಧುವಿನ ಮುಖ ಹೊತ್ತು ಬಂದು, ಬಾಗಿಲು ಎಷ್ಟು ಬೇಗ ತೆರೆಯಿತು, ಕಾಫಿ ಬಂತೇ ಎಂದು ಪರೀಕ್ಷಿಸಿ, ಬಾಗಿಲ ಮೇಲಿನ ದೀಪವನ್ನು ಹಸಿರಾಗಿಸಿ ಹೋಗುತ್ತಿದ್ದರು. ಕುಡಿಯಲು ಅವರಿಗೆ ಬಾರದು. ಹಾಗಾಗಿ ಬೀದಿಯ ಹೆಂಗಸರೆಲ್ಲ ಖಾಲಿ ಲೋಟವನ್ನೇ ಕೊಡುತ್ತಿದ್ದರು.

ಅಂದು ಬಾಗಿಲಲ್ಲಿ ಕಂಡದ್ದು ನಾದಿನಿ ಅಂಬುಜಾಕ್ಷಿಯ ಮುಖ. ಸರ್ವಮಂಗಳೆಗೆ ನಗು ಬಂತು. ಆರು ವರ್ಷದ ಹಿಂದೆ, ತುಂಬಿದ ಮನೆಯಲ್ಲಿ ಕಾಫಿಗೆ ಸಕ್ಕರೆ ಹೆಚ್ಚಾಯಿತೆಂದು ಮೂಗು ಮುರಿದು, ಮಾತಿಗೆ ಮಾತು ಬೆಳೆಸಿ ಹೋದವಳು ಮತ್ತೆ ಈ ಹೊಸಿಲು ತುಳಿದಿರಲಿಲ್ಲ.

"ಬಾ ತಾಯಿ, ಇವತ್ತು ಈ ಮೂತಿ ಸಿಕ್ತಾ ನಿಂಗೆ?" ಎನ್ನುತ್ತ ಒಳಗೆ ಕೂರಿಸಿ ಖಾಲಿ ಲೋಟ ಕೈಗಿತ್ತಳು. "ಮೂಗು ಮಾತ್ರ ಸರಿಯಾಗಿ ಬಂದಿಲ್ಲ ನೋಡು. ಅವಳ ಮೂಗಿಗೆ ಗತ್ತು ಜಾಸ್ತಿ. ಅವಳೇ ಬಂದಿದ್ರೆ ಲೋಟದ ತುಂಬ ಕಾಫಿ ಕೊಡ್ತಿದ್ದೆ. ನಾನೇ ಹೋಗಿ ಕರೆಯೋಣ ಅಂದ್ರೆ, ನನ್ನ ಹಾಳು ಜಂಬ ಬಿಡಲ್ಲ."

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಹೊರಗೆ, ಸೋದರಮಾವನ ಮುಖ ಹೊತ್ತ ತಪಾಸಣೆಯ ನೆಂಟ ಸೆಕೆಂಡು ಎಣಿಸುತ್ತ ನಿಂತಿದ್ದ. ಸರ್ವಮಂಗಳೆ ಮೆಲ್ಲಗೆ ಹಿಂತಿರುಗಿ ನೋಡಿದಳು.

ಅಂಬುಜಾಕ್ಷಿ ಖಾಲಿ ಲೋಟವನ್ನು ತುಟಿಗಿಟ್ಟು, ಸುರ್ರೆಂದು ಎಳೆದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಈ ಸಲ ಸಕ್ಕರೆ ಹದವಾಗಿದೆ, ಅತ್ತಿಗೆ."