ವಿನೂತಾಳ ಐದನೇ ಸೋಲು

ದಾವಣಗೆರೆಯ ಹತ್ತು ಕಿಲೋಮೀಟರ್ ಓಟದಲ್ಲಿ ಸೋತವರೆಲ್ಲ ಎಂದಿನಂತೆ ಸೋಲಿನ ನೆನಪು ಅಳಿಸುವ ಡೇರೆಯ ಮುಂದೆ ಸಾಲುಗಟ್ಟಿದ್ದರು. ಜಿಮ್ ಟ್ರೇನರ್ ವಿನೂತಾಳ ಮೊಣಕಾಲಿನಿಂದ ಇನ್ನೂ ರಕ್ತ ಜಿನುಗುತ್ತಿತ್ತು.

ಡೇರೆಯೊಳಗೆ ಅವಳ ತಲೆಗೆ ನೆನಪು ಅಳಿಸುವ ಪಟ್ಟಿ ಕಟ್ಟುತ್ತ ನರ್ಸಮ್ಮ ಕೇಳಿದಳು: "ಈ ಸಲವೂ ಶುರುವಿನಲ್ಲೇ ಜೋರಾಗಿ ಓಡಿದ್ರಾ ಮೇಡಂ?"

"ಈ ಸಲವೂ ಅಂದ್ರೆ? ನಾನು ಓಡಿದ್ದೇ ಇದು ಮೊದಲು!"

"ಐದನೇದು. ಪ್ರತಿ ವರ್ಷ ಏಳನೇ ಕಿಲೋಮೀಟರಿನಲ್ಲೇ ಬೀಳ್ತೀರಿ."

ಸೋಲೇ ಕಾಣದ ಕೋಚ್ ಎಂದು ಬೀಗುತ್ತಿದ್ದವಳ ಮುಖ ಕಪ್ಪಿಟ್ಟಿತು. ಪಟ್ಟಿ ಕಿತ್ತೆಸೆದು ಕುಂಟುತ್ತ ಮನೆಗೆ ಹೋದಳು. ಆ ಅವಮಾನ ವರ್ಷವಿಡೀ ಅವಳನ್ನು ಕಾಡಿತು.

ಮರುವರ್ಷ ನಿಧಾನವಾಗಿ ಹೊರಟು, ನಲವತ್ತನೆಯವಳಾಗಿ ಗುರಿ ಮುಟ್ಟಿದಳು. ಬೀಳದೆ ಕೊನೆಯವರೆಗೂ ಓಡಿದ ಗುಟ್ಟೇನೆಂದು ಶಿಷ್ಯರು ಮುತ್ತಿಕೊಂಡರು.

"ಹೋದ ವರ್ಷ ಬಿದ್ದದ್ದು ನೆನಪಿತ್ತು," ಎಂದಳು.

ಅವರು ಮುಖ ಮುಖ ನೋಡಿಕೊಂಡರು. ಮರುದಿನವೇ ಬೇರೆ ಜಿಮ್ ಸೇರಿದರು. ಸೋತವಳ ಹತ್ತಿರ ಕಲಿಯುವುದೇನಿದೆ?